ಅಳಿಸಿದರೂ ಅಳಿಯದ ಮಾಹಿತಿ: ಹಳೆಯ ಹಾರ್ಡ್ ಡಿಸ್ಕ್‌ಗೆ ಹೊಣೆ ಯಾರು?

ಸಿಂಗಸಂದ್ರ (ಬೆಂಗಳೂರು): ಹೊಸೂರು ರಸ್ತೆಯ ಮೇಲ್ಸೇತುವೆಯ ನೆರಳಿನಲ್ಲೇ ಬೆಳೆದ ಸಿಂಗಸಂದ್ರದಲ್ಲಿ ಈಗ ಮೆಟ್ರೊ ನಿಲ್ದಾಣವೂ ಇದೆ. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಹಳದಿ ಮಾರ್ಗ ಈ ಊರನ್ನು ಒಂದು ಕಡೆ ಸಿಲ್ಕ್ ಬೋರ್ಡ್‌ಗೆ, ಇನ್ನೊಂದು ಕಡೆ ಎಲೆಕ್ಟ್ರಾನಿಕ್ ಸಿಟಿಗೆ ಜೋಡಿಸಿದೆ. ಸಾಫ್ಟ್‌ವೇರ್ ನೌಕರರ ಪಿಜಿಗಳು, ಲೆಕ್ಕಪರಿಶೋಧಕರ ಕಚೇರಿಗಳು, ಜೆರಾಕ್ಸ್ ಅಂಗಡಿಗಳು, ಚಿಕಿತ್ಸಾಲಯಗಳು, ಸಣ್ಣ ಕಾರ್ಖಾನೆಗಳು ಒತ್ತೊತ್ತಾಗಿ ನಿಂತಿರುವ ಈ ಪಟ್ಟಿಯಲ್ಲಿ ಒಂದಾದರೂ ಹಾರ್ಡ್ ಡಿಸ್ಕ್ ಇಲ್ಲದ ಕಟ್ಟಡವನ್ನು ಹುಡುಕುವುದು ಸುಲಭವಲ್ಲ.

ಅದೇ ವರ್ಷ ಕೊನೆಯಾಗುವ ಮುನ್ನ ಇಲ್ಲಿನ ಕಚೇರಿಗಳನ್ನು ನೇರವಾಗಿ ತಟ್ಟುವ ಇನ್ನೆರಡು ಬೆಳವಣಿಗೆಗಳು ನಡೆದವು. ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳನ್ನು ಪ್ರಕಟಿಸಿತು. ಮೊದಲನೆಯದು ಹಳೆಯ ಯಂತ್ರಗಳನ್ನು ಕಚೇರಿಯಿಂದ ಹೊರದೂಡುತ್ತಿದೆ. ಎರಡನೆಯದು ಆ ಯಂತ್ರಗಳೊಳಗಿನ ಮಾಹಿತಿಗೆ ಲೆಕ್ಕ ಕೇಳಲಿದೆ. ಇವೆರಡರ ನಡುವೆ ಸಿಕ್ಕಿಕೊಂಡಿರುವ ವಸ್ತುವೇ ಅಂಗೈಯಗಲದ ಹಾರ್ಡ್ ಡಿಸ್ಕ್.

ಹೊಸ ವಿಂಡೋಸ್ 11 ಹಳೆಯ ಕಂಪ್ಯೂಟರ್‌ಗಳೆಲ್ಲದರ ಮೇಲೆ ನಡೆಯುವುದಿಲ್ಲ. ಈ ಕಾರಣದಿಂದಲೇ ಜಗತ್ತಿನಾದ್ಯಂತ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ತ್ಯಾಜ್ಯವಾಗಬಹುದೆಂದು ಮಾರುಕಟ್ಟೆ ಅಧ್ಯಯನ ಸಂಸ್ಥೆ ಕೆನಲಿಸ್ 2023ರ ಡಿಸೆಂಬರ್‌ನಲ್ಲೇ ಅಂದಾಜಿಸಿತ್ತು. 1978ರಲ್ಲಿ ಕಿಯೋನಿಕ್ಸ್ ಕಟ್ಟಿದ ಎಲೆಕ್ಟ್ರಾನಿಕ್ ಸಿಟಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಈ ಅಲೆ ತಟ್ಟದಿರಲು ಸಾಧ್ಯವಿಲ್ಲ. ಯಂತ್ರ ಮಾರುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: "ಫಾರ್ಮ್ಯಾಟ್ ಮಾಡಿದ್ದೇವೆ". ಆದರೆ ಆ ಮಾತಿಗೆ ಇರುವ ಬೆಲೆ ಎಷ್ಟು?

ಫಾರ್ಮ್ಯಾಟ್ ಎಂಬ ಭ್ರಮೆ

ಕಂಪ್ಯೂಟರ್‌ನಲ್ಲಿ ಕಡತವೊಂದನ್ನು ಅಳಿಸಿದಾಗ ವಾಸ್ತವದಲ್ಲಿ ಅಳಿಯುವುದು ಕಡತವಲ್ಲ, ಅದರ ವಿಳಾಸ. ಯಾವ ಕಡತ ಡಿಸ್ಕ್‌ನ ಯಾವ ಭಾಗದಲ್ಲಿದೆ ಎಂಬುದನ್ನು ತಿಳಿಸುವ ಒಂದು ಪಟ್ಟಿಯನ್ನು ಕಂಪ್ಯೂಟರ್ ಇಟ್ಟುಕೊಂಡಿರುತ್ತದೆ. ಅಳಿಸುವ ಆದೇಶ ಬಂದೊಡನೆ ಆ ಪಟ್ಟಿಯಲ್ಲಿ "ಈ ಜಾಗ ಖಾಲಿ" ಎಂದು ಗುರುತು ಬೀಳುತ್ತದೆ. ಆ ಜಾಗದ ಮೇಲೆ ಬೇರೊಂದು ಕಡತ ಬಂದು ಕೂರುವ ತನಕ ಹಳೆಯ ಅಕ್ಷರಗಳು ಇದ್ದಲ್ಲೇ ಇರುತ್ತವೆ. ಖಾತೆ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಮನೆಯೊಳಗಿರುವವರು ಖಾಲಿ ಮಾಡುವುದಿಲ್ಲವಷ್ಟೆ.

‘ಕ್ವಿಕ್ ಫಾರ್ಮ್ಯಾಟ್’ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಅದು ಹಳೆಯ ಪಟ್ಟಿಯನ್ನು ಬದಿಗೊತ್ತಿ ಹೊಸ ಖಾಲಿ ಪಟ್ಟಿಯನ್ನು ಬರೆಯುತ್ತದೆ. ಆದ್ದರಿಂದಲೇ ನೂರಾರು ಗಿಗಾಬೈಟ್‌ನ ಡಿಸ್ಕ್ ಕೆಲವೇ ಸೆಕೆಂಡುಗಳಲ್ಲಿ "ಶುದ್ಧ"ವಾಗುತ್ತದೆ. ಪುಕ್ಕಟೆಯಾಗಿ ಸಿಗುವ ಮರುಪಡೆಯುವ ತಂತ್ರಾಂಶಗಳಿಂದ ಇಂತಹ ಡಿಸ್ಕ್‌ನ ಕಡತಗಳನ್ನು ಹೊರತೆಗೆಯಲು ವಿಶೇಷ ಪರಿಣತಿಯೇನೂ ಬೇಕಿಲ್ಲ.

‘ಪೂರ್ಣ ಫಾರ್ಮ್ಯಾಟ್’ ವಿಷಯದಲ್ಲೂ ಗೊಂದಲವಿದೆ. ವಿಂಡೋಸ್ ಎಕ್ಸ್‌ಪಿ ಕಾಲದವರೆಗೆ ಪೂರ್ಣ ಫಾರ್ಮ್ಯಾಟ್ ಕೂಡ ಡಿಸ್ಕ್‌ನಲ್ಲಿ ಹಾಳಾದ ಭಾಗಗಳಿವೆಯೇ ಎಂದು ಪರೀಕ್ಷಿಸುತ್ತಿತ್ತೇ ಹೊರತು ಹಳೆಯ ಮಾಹಿತಿಯ ಮೇಲೆ ಏನನ್ನೂ ಬರೆಯುತ್ತಿರಲಿಲ್ಲ. ವಿಂಡೋಸ್ ವಿಸ್ಟಾ ಬಂದ ಬಳಿಕವಷ್ಟೇ ಪೂರ್ಣ ಫಾರ್ಮ್ಯಾಟ್ ಇಡೀ ಭಾಗದ ಮೇಲೆ ಸೊನ್ನೆಗಳನ್ನು ಬರೆಯಲಾರಂಭಿಸಿತು. ಅದೂ ಆಯ್ಕೆ ಮಾಡಿದ ಒಂದು ಪಾರ್ಟಿಶನ್‌ಗೆ ಮಾತ್ರ. ಅದೇ ಡಿಸ್ಕ್‌ನ ಮತ್ತೊಂದು ಪಾರ್ಟಿಶನ್‌ನಲ್ಲಿ ಇದ್ದದ್ದು ಇದ್ದಂತೆಯೇ ಇರುತ್ತದೆ. ‘ಸಿ’ ಡ್ರೈವ್ ಫಾರ್ಮ್ಯಾಟ್ ಮಾಡಿ ‘ಡಿ’ ಡ್ರೈವ್ ಮರೆತವರು ಕಡಿಮೆಯೇನಲ್ಲ.

ಈ ಮರೆವಿನ ಪರಿಣಾಮವನ್ನು ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು 2003ರಲ್ಲೇ ಜಗತ್ತಿನ ಮುಂದಿಟ್ಟಿದ್ದರು. ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಮಾರುಕಟ್ಟೆಯಿಂದ 158 ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಕೊಂಡರು. ಅವುಗಳಲ್ಲಿ ಕೆಲಸ ಮಾಡುತ್ತಿದ್ದವು 129. ಸರಿಯಾಗಿ ಅಳಿಸಲ್ಪಟ್ಟಿದ್ದವು ಕೇವಲ 12. ಉಳಿದವುಗಳಲ್ಲಿ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ದಾಖಲೆಗಳು, ಖಾಸಗಿ ಪತ್ರಗಳು ದೊರೆತವು. ಅಂದಿನಿಂದ ತಂತ್ರಜ್ಞಾನ ಬಹಳ ಮುಂದೆ ಸಾಗಿದೆ, ಆದರೆ ಮನುಷ್ಯನ ಅಭ್ಯಾಸ ಅಷ್ಟು ಬೇಗ ಬದಲಾಗುವುದಿಲ್ಲ.

ಎಷ್ಟು ಸಲ ಅಳಿಸಬೇಕು?

ಈ ಭಯಕ್ಕೆ ವಿರುದ್ಧ ದಿಕ್ಕಿನ ಅತಿಯೂ ಇದೆ. ಮೂರು ಸಲ, ಏಳು ಸಲ, ಮೂವತ್ತೈದು ಸಲ ಮೇಲೆ ಬರೆದರೆ ಮಾತ್ರ ಡಿಸ್ಕ್ ಶುದ್ಧವಾಗುತ್ತದೆ ಎಂಬ ನಂಬಿಕೆ ಇಂದಿಗೂ ಚಲಾವಣೆಯಲ್ಲಿದೆ. ಮೂವತ್ತೈದರ ಲೆಕ್ಕ ಬಂದದ್ದು ಪೀಟರ್ ಗುಟ್ಮನ್ 1996ರಲ್ಲಿ ಮಂಡಿಸಿದ ಪ್ರಬಂಧದಿಂದ. ಅದು ಅಂದಿನ ಹಲವು ಬಗೆಯ ಡಿಸ್ಕ್‌ಗಳನ್ನೆಲ್ಲ ಒಟ್ಟಿಗೆ ಗಮನದಲ್ಲಿಟ್ಟು ರೂಪಿಸಿದ ಕ್ರಮ. ಆಧುನಿಕ ಡಿಸ್ಕ್‌ಗಳಿಗೆ ಅಷ್ಟೂ ಸಲ ಬರೆಯುವುದರಲ್ಲಿ ಅರ್ಥವಿಲ್ಲವೆಂದು ಸ್ವತಃ ಗುಟ್ಮನ್ ಅವರೇ ನಂತರ ಸ್ಪಷ್ಟಪಡಿಸಿದರು.

ತಿರುಗುವ ತಟ್ಟೆಗಳುಳ್ಳ ಸಾಮಾನ್ಯ ಹಾರ್ಡ್ ಡಿಸ್ಕ್‌ಗೆ ಇಡೀ ಡಿಸ್ಕ್‌ನ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆದು, ಬರೆದದ್ದನ್ನು ಪರಿಶೀಲಿಸಿದರೆ ದಿನನಿತ್ಯದ ಅಗತ್ಯಕ್ಕೆ ಸಾಕು. ವಿಂಡೋಸ್‌ನಲ್ಲೇ ಇರುವ ‘ಡಿಸ್ಕ್‌ಪಾರ್ಟ್’ ಸಾಧನದ ‘ಕ್ಲೀನ್ ಆಲ್’ ಆದೇಶ ಮಾಡುವುದು ಇದನ್ನೇ. ಕೇವಲ ‘ಕ್ಲೀನ್’ ಎಂದರೆ ಸಾಲದು. ಅದು ಪಾರ್ಟಿಶನ್ ಪಟ್ಟಿಯನ್ನಷ್ಟೇ ತೆಗೆಯುತ್ತದೆ. ಒಂದು ಟೆರಾಬೈಟ್ ಡಿಸ್ಕ್‌ಗೆ ಈ ಕೆಲಸ ಮುಗಿಯಲು ಸುಮಾರು ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಸೆಕೆಂಡುಗಳಲ್ಲಿ ಮುಗಿದ ಶುದ್ಧೀಕರಣವನ್ನು ಅನುಮಾನದಿಂದಲೇ ನೋಡಬೇಕು ಎಂಬುದಕ್ಕೆ ಈ ಸರಳ ಲೆಕ್ಕವೇ ಸಾಕ್ಷಿ.

ಎಸ್‌ಎಸ್‌ಡಿ ಡ್ರೈವ್‌ಗಳ ಕಥೆಯೇ ಬೇರೆ. ಇವುಗಳಲ್ಲಿ ತಿರುಗುವ ತಟ್ಟೆ ಇಲ್ಲ, ಚಿಪ್‌ಗಳಿವೆ. ಚಿಪ್‌ನ ಒಂದೇ ಭಾಗ ಸವೆಯದಿರಲೆಂದು ಡ್ರೈವ್ ತಾನಾಗಿಯೇ ಬರಹವನ್ನು ಬೇರೆ ಬೇರೆ ಜಾಗಗಳಿಗೆ ಹಂಚುತ್ತದೆ. ಬಳಕೆದಾರರ ಕಣ್ಣಿಗೆ ಬೀಳದ ಮೀಸಲು ಜಾಗವನ್ನೂ ಇಟ್ಟುಕೊಂಡಿರುತ್ತದೆ. ಹೀಗಾಗಿ ಮೇಲೆ ಬರೆಯುವ ಹಳೆಯ ವಿಧಾನ ಎಲ್ಲ ಮೂಲೆಗಳನ್ನೂ ತಲುಪುತ್ತದೆ ಎಂಬ ಖಾತರಿ ಇಲ್ಲ. ಇದಕ್ಕೆ ತಯಾರಕರೇ ಅಳವಡಿಸಿರುವ ‘ಸೆಕ್ಯೂರ್ ಇರೇಸ್’ ಆದೇಶವನ್ನು ಬಳಸಬೇಕು. ಅದನ್ನೂ ಕುರುಡಾಗಿ ನಂಬುವಂತಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಡ್ರೈವ್ "ಅಳಿಸಲಾಗಿದೆ" ಎಂದು ವರದಿ ನೀಡಿದ್ದರೂ ಮಾಹಿತಿ ಅದರೊಳಗೆ ಹಾಗೆಯೇ ಉಳಿದಿತ್ತು.

ಇದಕ್ಕಿಂತ ಜಾಣ ಹಾದಿ ಎಂದರೆ ಮೊದಲ ದಿನದಿಂದಲೇ ಡ್ರೈವನ್ನು ಗೂಢಲಿಪಿಯಲ್ಲಿ ಇಡುವುದು. ‘ಬಿಟ್‌ಲಾಕರ್’ನಂತಹ ವ್ಯವಸ್ಥೆಯಿದ್ದರೆ, ಯಂತ್ರವನ್ನು ಕೈಬಿಡುವಾಗ ಗೂಢಲಿಪಿಯ ಕೀಲಿಯನ್ನು ನಾಶಪಡಿಸಿದರಾಯಿತು, ಒಳಗಿರುವುದು ಅರ್ಥವಿಲ್ಲದ ಅಕ್ಷರಗಳ ರಾಶಿಯಾಗುತ್ತದೆ. ಆದರೆ ಕೀಲಿಯ ನಕಲು ಬೇರೆಲ್ಲೂ ಉಳಿಯದಂತೆ ಎಚ್ಚರ ವಹಿಸಬೇಕು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ‘ನಿಸ್ಟ್’ 2006ರಲ್ಲಿ ಹೊರತಂದು, 2014 ಮತ್ತು 2025ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಅಳಿಸುವಿಕೆಯನ್ನು ಮೂರು ಹಂತಗಳಲ್ಲಿ ಗುರುತಿಸುತ್ತದೆ: ಸಾಮಾನ್ಯ ಸಾಧನಗಳಿಗೆ ಸಿಗದಂತೆ ಅಳಿಸುವುದು, ಪ್ರಯೋಗಾಲಯದ ಸಾಧನಗಳಿಗೂ ಸಿಗದಂತೆ ಅಳಿಸುವುದು, ಡ್ರೈವನ್ನೇ ನಾಶಪಡಿಸುವುದು. ಮಾಹಿತಿಯ ಬೆಲೆಗೆ ತಕ್ಕಂತೆ ಹಂತವನ್ನು ಆರಿಸಿಕೊಳ್ಳಬೇಕೆಂಬುದು ಅದರ ಸಾರ.

ಯಂತ್ರ ಒಬ್ಬರದು, ಮಾಹಿತಿ ಇನ್ನೊಬ್ಬರದು

ಸಮಸ್ಯೆಯ ತಿರುಳು ತಂತ್ರಜ್ಞಾನದಲ್ಲಿಲ್ಲ, ಒಡೆತನದಲ್ಲಿದೆ. ಸಿಂಗಸಂದ್ರದಂತಹ ಬಡಾವಣೆಯಲ್ಲಿ ಪಿಜಿ ಸೇರುವ ಯುವತಿ ಆಧಾರ್ ಪ್ರತಿ, ಭಾವಚಿತ್ರ, ಊರಿನ ವಿಳಾಸ, ತಂದೆಯ ದೂರವಾಣಿ ಸಂಖ್ಯೆಗಳನ್ನು ಮಾಲೀಕರಿಗೆ ಕೊಟ್ಟಿರುತ್ತಾಳೆ. ಕೆಲಸ ಬದಲಿಸಿ ಪಿಜಿ ಬಿಟ್ಟ ಮೇಲೂ ಅವೆಲ್ಲ ಮಾಲೀಕರ ಕಂಪ್ಯೂಟರ್‌ನಲ್ಲಿ ಉಳಿದಿರುತ್ತವೆ. ಆ ಕಂಪ್ಯೂಟರ್ ಯಾವತ್ತು ಗುಜರಿಗೆ ಹೋಯಿತೆಂಬುದು ಆಕೆಗೆ ತಿಳಿಯುವುದೇ ಇಲ್ಲ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಗ್ರಾಹಕರ ಪ್ಯಾನ್ ಮತ್ತು ಬ್ಯಾಂಕ್ ವಿವರಗಳಿರುತ್ತವೆ, ಚಿಕಿತ್ಸಾಲಯದಲ್ಲಿ ರೋಗಿಗಳ ವರದಿಗಳಿರುತ್ತವೆ. ಛಾಯಾಚಿತ್ರ ಸ್ಟುಡಿಯೋದಲ್ಲಿ ಊರವರ ಮದುವೆಗಳೇ ಇರುತ್ತವೆ. ಯಂತ್ರದ ಒಡೆಯ ಒಬ್ಬ, ಮಾಹಿತಿಯ ಒಡೆಯರು ನೂರಾರು ಮಂದಿ.

ಕಂಪ್ಯೂಟರ್ ಎಂದು ಯಾರೂ ಭಾವಿಸದ ಸಾಧನಗಳಲ್ಲೂ ಡಿಸ್ಕ್ ಅಡಗಿರುತ್ತದೆ. ಸಿಸಿಟಿವಿಯ ದೃಶ್ಯಗಳನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆ ಅಂಥದ್ದು. ದೊಡ್ಡ ಡಿಜಿಟಲ್ ಜೆರಾಕ್ಸ್ ಯಂತ್ರಗಳಲ್ಲಿ ಹಲವು ತಾವು ನಕಲು ಮಾಡಿದ ಕಾಗದಗಳ ಚಿತ್ರವನ್ನು ಒಳಗಿನ ಡಿಸ್ಕ್‌ನಲ್ಲಿ ಉಳಿಸಿಕೊಳ್ಳುತ್ತವೆ. ಅಮೆರಿಕದ ಅಫಿನಿಟಿ ಹೆಲ್ತ್ ಪ್ಲ್ಯಾನ್ ಎಂಬ ಆರೋಗ್ಯ ವಿಮಾ ಸಂಸ್ಥೆ ಬಾಡಿಗೆಗೆ ಪಡೆದಿದ್ದ ಜೆರಾಕ್ಸ್ ಯಂತ್ರಗಳನ್ನು ಡಿಸ್ಕ್ ಅಳಿಸದೆ ಹಿಂದಿರುಗಿಸಿದ ತಪ್ಪಿಗೆ 2013ರಲ್ಲಿ 12 ಲಕ್ಷ ಡಾಲರ್‌ಗೂ ಹೆಚ್ಚು ಹಣ ತೆರಬೇಕಾಯಿತು.

ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ 2016ರಲ್ಲಿ ತನ್ನ ದತ್ತಾಂಶ ಕೇಂದ್ರಗಳನ್ನು ಮುಚ್ಚುವಾಗ, ಮಾಹಿತಿ ನಾಶದಲ್ಲಿ ಯಾವ ಅನುಭವವೂ ಇಲ್ಲದ ಸಾಗಣೆ ಸಂಸ್ಥೆಗೆ ಕೆಲಸ ಒಪ್ಪಿಸಿತ್ತು. ಗ್ರಾಹಕರ ಮಾಹಿತಿ ಉಳಿದಿದ್ದ ಡ್ರೈವ್‌ಗಳು ಅಂತರ್ಜಾಲದ ಹರಾಜಿನಲ್ಲಿ ಮಾರಾಟವಾದವು. ಅದಕ್ಕಾಗಿ 2020ರಲ್ಲಿ ಬ್ಯಾಂಕಿಂಗ್ ನಿಯಂತ್ರಕರು 6 ಕೋಟಿ ಡಾಲರ್, 2022ರಲ್ಲಿ ಷೇರುಪೇಟೆ ನಿಯಂತ್ರಕರು 3.5 ಕೋಟಿ ಡಾಲರ್ ದಂಡ ವಿಧಿಸಿದರು. ಅಗ್ಗದ ಗುತ್ತಿಗೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಎರಡು ಕಾನೂನು, ನಡುವೆ ಕಂದಕ

ಭಾರತದಲ್ಲಿ ಹಳೆಯ ಕಂಪ್ಯೂಟರ್‌ನ ವಿಲೇವಾರಿಯನ್ನು ನೋಡಿಕೊಳ್ಳುವುದು ಪರಿಸರ ಕಾನೂನು. 2012ರ ಮೇ 1ರಂದು ಜಾರಿಗೆ ಬಂದ ಮೊದಲ ಇ-ತ್ಯಾಜ್ಯ ನಿಯಮಗಳು 2016ರಲ್ಲಿ, ಮತ್ತೆ 2022ರಲ್ಲಿ ಹೊಸ ರೂಪ ಪಡೆದವು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಕನಿಷ್ಠ ಸಾವಿರ ಸಾಧನಗಳನ್ನು ಬಳಸುವ ಸಂಸ್ಥೆಗಳು ತಮ್ಮ ತ್ಯಾಜ್ಯವನ್ನು ನೋಂದಾಯಿತ ತಯಾರಕರು, ದುರಸ್ತಿದಾರರು ಅಥವಾ ಮರುಬಳಕೆದಾರರಿಗೇ ಒಪ್ಪಿಸಬೇಕು. ಬೆಂಗಳೂರಿಗೆ ಈ ಕ್ಷೇತ್ರ ಹೊಸತೂ ಅಲ್ಲ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕವೆಂದು ಹೆಸರಾದ ಇ-ಪರಿಸರ 2005ರಲ್ಲಿ ಆರಂಭವಾದದ್ದು ಇಲ್ಲಿನ ದಾಬಸ್‌ಪೇಟೆಯಲ್ಲೇ. ಆದರೆ ಈ ನಿಯಮಗಳ ದೃಷ್ಟಿ ಇರುವುದು ಸೀಸ, ಪಾದರಸಗಳ ಮೇಲೆ. ಡಿಸ್ಕ್ ಅವುಗಳ ಪಾಲಿಗೆ ಒಂದು ಲೋಹದ ತುಂಡು.

ಸಾವಿರದ ಮಿತಿಗಿಂತ ಕೆಳಗಿರುವ ಸಣ್ಣ ಕಚೇರಿ, ಪಿಜಿ, ಅಂಗಡಿಗಳ ಯಂತ್ರಗಳು ಹಿಡಿಯುವುದು ಬೇರೆ ದಾರಿ. ಬಡಾವಣೆಯ ಗುಜರಿ ಅಂಗಡಿಯಿಂದ ಸಗಟು ಖರೀದಿದಾರರಿಗೆ, ಅಲ್ಲಿಂದ ಎಸ್‌.ಪಿ. ರಸ್ತೆಯಂತಹ ಮಾರುಕಟ್ಟೆಗೆ ಅವು ಸಾಗುತ್ತವೆ. ಈ ಸರಪಳಿ ಸಾವಿರಾರು ಬಡ ಕುಟುಂಬಗಳಿಗೆ ಅನ್ನ ನೀಡುತ್ತಿದೆ. ವಿದ್ಯಾರ್ಥಿಗಳಿಗೆ ಅಗ್ಗದ ಕಂಪ್ಯೂಟರ್ ಒದಗಿಸುತ್ತಿದೆ. ಆದ್ದರಿಂದ ಗುಜರಿಯವರನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಮಾಹಿತಿಯನ್ನು ಅಳಿಸಬೇಕಾದವರು ಮಾರುವವರೇ ಹೊರತು ಕೊಳ್ಳುವವರಲ್ಲ.

ಎರಡನೆಯ ಕಾನೂನು 2023ರ ದತ್ತಾಂಶ ರಕ್ಷಣಾ ಕಾಯ್ದೆ. ಉದ್ದೇಶ ತೀರಿದ ಬಳಿಕ, ಇಲ್ಲವೇ ಒಪ್ಪಿಗೆ ಹಿಂಪಡೆದ ಬಳಿಕ ವೈಯಕ್ತಿಕ ಮಾಹಿತಿಯನ್ನು ಅಳಿಸಬೇಕೆಂದು ಅದರ 8ನೇ ಕಲಮು ಹೇಳುತ್ತದೆ. ಅಳಿಸುವಂತೆ ಕೇಳುವ ಹಕ್ಕನ್ನು 12ನೇ ಕಲಮು ನಾಗರಿಕರಿಗೆ ಕೊಟ್ಟಿದೆ. ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿಯವರೆಗೆ ದಂಡವಿದೆ. ಕೆಲಸವನ್ನು ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಹೊಣೆ ಕಳಚುವುದಿಲ್ಲ. ಈ ಮುಖ್ಯ ಕಲಮುಗಳು ಅಧಿಸೂಚನೆ ಹೊರಬಿದ್ದ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಿಗೆ, ಪೂರ್ಣವಾಗಿ ಜಾರಿಯಾಗುವಂತೆ ನಿಗದಿಯಾಗಿವೆ. ಸ್ಟಾರ್ಟಪ್‌ಗಳೂ ಸೇರಿದಂತೆ ಕೆಲವು ವರ್ಗಗಳಿಗೆ ಅಳಿಸುವ ಹೊಣೆಯಿಂದ ವಿನಾಯಿತಿ ನೀಡುವ ಅಧಿಕಾರ ಕೇಂದ್ರಕ್ಕಿದೆ. ಭದ್ರತೆಯ ಹೊಣೆ ಮಾತ್ರ ಆ ವಿನಾಯಿತಿಯ ಪಟ್ಟಿಯಲ್ಲಿಲ್ಲ.

ಕೇಳಲು ಇದೆಲ್ಲ ಬಿಗಿಯಾಗಿಯೇ ಇದೆ. ಆದರೆ ಒಂದು ಪ್ರಶ್ನೆಗೆ ಉತ್ತರವಿಲ್ಲ. ಮಾಹಿತಿ ಸೋರಿ ನಷ್ಟ ಅನುಭವಿಸಿದ ವ್ಯಕ್ತಿಗೆ ಸಿಗುವುದೇನು? ವಸೂಲಾದ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ. ನಿರ್ಲಕ್ಷ್ಯದಿಂದ ಮಾಹಿತಿ ಸೋರಿದರೆ ಸಂತ್ರಸ್ತರು ಸಂಸ್ಥೆಯಿಂದ ಪರಿಹಾರ ಕೇಳಲು ಅವಕಾಶವಿತ್ತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮನ್ನು ಹೊಸ ಕಾಯ್ದೆ ತೆಗೆದುಹಾಕುತ್ತದೆ. ಪಿಜಿ ಬಿಟ್ಟುಹೋದ ಆ ಯುವತಿಯ ಹೆಸರಿನಲ್ಲಿ ಯಾರೋ ಸಾಲ ಪಡೆದರೆ, ಕಾನೂನು ತಪ್ಪಿತಸ್ಥರಿಗೆ ದಂಡ ಹಾಕೀತು. ಆಕೆಯ ಕೈಗೆ ಈ ಕಾಯ್ದೆಯಡಿ ಒಂದು ರೂಪಾಯಿಯೂ ಬರುವುದಿಲ್ಲ.

ಅಳಿಸಬಾರದ ಕಾಲವೂ ಉಂಟು

ಎಲ್ಲವನ್ನೂ ಒಡನೆಯೇ ಅಳಿಸಿಬಿಡುವುದೂ ಕಾನೂನಿಗೆ ಒಪ್ಪಿತವಲ್ಲ. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಎಂಟು ಹಣಕಾಸು ವರ್ಷ ಕಾಪಾಡಬೇಕು. ಜಿಎಸ್‌ಟಿ ದಾಖಲೆಗಳಿಗೆ ವಾರ್ಷಿಕ ವಿವರ ಸಲ್ಲಿಕೆಯ ಗಡುವಿನಿಂದ 72 ತಿಂಗಳ ಅವಧಿಯಿದೆ. ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನೀಡಿದ ನಿರ್ದೇಶನದಂತೆ ಕಂಪ್ಯೂಟರ್ ವ್ಯವಸ್ಥೆಯ ಲಾಗ್‌ಗಳು 180 ದಿನ ಇರಬೇಕು.

ವಿವಾದ ತಲೆದೋರಿದ ಮೇಲೆ ಅಳಿಸಿದರಂತೂ ಅದು ಅಪರಾಧವಾಗಬಹುದು. ನ್ಯಾಯಾಲಯಕ್ಕೆ ಸಾಕ್ಷ್ಯವಾಗಬೇಕಾದ ವಿದ್ಯುನ್ಮಾನ ದಾಖಲೆಯನ್ನು ನಾಶಪಡಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನಡಿ ಮೂರು ವರ್ಷಗಳವರೆಗೆ ಶಿಕ್ಷೆಯಿದೆ. ಕೆಲಸ ಬಿಡುವ ದಿನ ಸಿಟ್ಟಿನಿಂದ ಕಂಪನಿಯ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡುವ ನೌಕರರೂ ತಿಳಿಯಬೇಕಾದ ಸಂಗತಿಯೊಂದಿದೆ. ಒಡೆಯರ ಅನುಮತಿಯಿಲ್ಲದೆ, ದುರುದ್ದೇಶದಿಂದ ಕಂಪ್ಯೂಟರ್‌ನ ಮಾಹಿತಿ ಅಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನಡಿ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡಕ್ಕೂ ಎಡೆಮಾಡುತ್ತದೆ. ಇನ್ನು ತನಿಖಾಧಿಕಾರಿಗಳು ಕಂಪ್ಯೂಟರ್ ಮತ್ತು ಮೊಬೈಲ್‌ಗಳನ್ನು ವಶಪಡಿಸಿಕೊಳ್ಳುವಾಗ ಅನುಸರಿಸಬೇಕಾದ ಕ್ರಮಗಳನ್ನು ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವಿವರವಾಗಿ ಹೇಳಿದೆ. ಒಂದೇ ಡಿಸ್ಕ್ ಇಂದು ಸಾಕ್ಷ್ಯ, ನಾಳೆ ಹೊರೆ, ನಾಡಿದ್ದು ಅಪಾಯ. ಯಾವುದು ಯಾವಾಗ ಎಂಬುದನ್ನು ತೀರ್ಮಾನಿಸುವ ಒಂದು ಲಿಖಿತ ಪದ್ಧತಿ ಸಣ್ಣ ಕಚೇರಿಗೂ ಬೇಕು.

ಒಡೆಯುವುದೇ ಪರಿಹಾರವೇ?

ಭಯಗೊಂಡ ಸಂಸ್ಥೆಗಳು ಹುಡುಕಿಕೊಂಡ ಸುಲಭದ ದಾರಿ ಡಿಸ್ಕ್‌ಗೆ ರಂಧ್ರ ಕೊರೆಯುವುದು ಅಥವಾ ಯಂತ್ರಕ್ಕೆ ಹಾಕಿ ಪುಡಿ ಮಾಡುವುದು. ಅತಿ ಸೂಕ್ಷ್ಮ ಮಾಹಿತಿಗೆ, ಕೆಟ್ಟುನಿಂತ ಡ್ರೈವ್‌ಗೆ ಇದು ಸರಿಯಾದ ಕ್ರಮ. ಆದರೆ ಎಸ್‌ಎಸ್‌ಡಿಗೆ ಒಂದೆರಡು ರಂಧ್ರ ಕೊರೆದರೆ ಪಕ್ಕದ ಚಿಪ್ ಹಾನಿಯಾಗದೆ ಉಳಿಯಬಹುದು. ಅದಕ್ಕಿಂತ ಮುಖ್ಯವಾಗಿ, ಇನ್ನೂ ನಾಲ್ಕಾರು ವರ್ಷ ಬಾಳುವ ಡಿಸ್ಕ್ ವ್ಯರ್ಥವಾಗುತ್ತದೆ. ಜಗತ್ತು 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಸೃಷ್ಟಿಸಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದೆಂದು ದಾಖಲಾದದ್ದು ಶೇ 22.3 ಮಾತ್ರ ಎಂದು ವಿಶ್ವಸಂಸ್ಥೆಯ ಸಂಸ್ಥೆಗಳ ವರದಿ ಹೇಳಿದೆ. ಇಂತಹ ಹೊತ್ತಿನಲ್ಲಿ, ಎರಡು ಗಂಟೆಯ ಅಳಿಸುವಿಕೆಯಿಂದ ಉಳಿಯಬಹುದಾದ ಕಂಪ್ಯೂಟರನ್ನು ಭಯದಿಂದ ಪುಡಿ ಮಾಡುವುದು ವಿವೇಕವಲ್ಲ. ಕಂಪ್ಯೂಟರ್ ಇಲ್ಲದ ಸರ್ಕಾರಿ ಶಾಲೆಗಳಿರುವ ನಾಡಿನಲ್ಲಂತೂ ಅಲ್ಲವೇ ಅಲ್ಲ.

ಆಗಬೇಕಾದದ್ದೇನು?

ಕೊಂಡಿ ಬೆಸೆಯಬೇಕಾದ ಜಾಗ ಸ್ಪಷ್ಟವಾಗಿದೆ. ಇ-ತ್ಯಾಜ್ಯ ಸ್ವೀಕರಿಸುವ ನೋಂದಾಯಿತ ಘಟಕಗಳು ಪ್ರತಿ ಡಿಸ್ಕ್‌ನ ಕ್ರಮಸಂಖ್ಯೆ ನಮೂದಿಸಿ ಅಳಿಸಿದ ಪ್ರಮಾಣಪತ್ರ ನೀಡುವುದನ್ನು ನಿಯಮದಲ್ಲೇ ಸೇರಿಸಬಹುದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯೂ ಕೈಗಾರಿಕಾ ಪ್ರದೇಶಗಳ ಸಂಘಗಳೂ ಸೇರಿ ಸಣ್ಣ ಕಚೇರಿಗಳಿಗಾಗಿ ವರ್ಷಕ್ಕೆ ಒಂದೆರಡು ಬಾರಿ ಅಳಿಸುವ ಶಿಬಿರ ನಡೆಸಿದರೆ ಖರ್ಚು ಹೆಚ್ಚೇನೂ ಆಗದು. ಹಳೆಯ ಕಂಪ್ಯೂಟರ್ ವ್ಯಾಪಾರಿಗಳಿಗೆ ತರಬೇತಿ ನೀಡಿದರೆ ಅಳಿಸುವುದೇ ಅವರಿಗೊಂದು ಸೇವೆಯಾಗಿ, ಆದಾಯವಾಗಿ ಬೆಳೆಯಬಹುದು. ನಷ್ಟ ಅನುಭವಿಸಿದವರಿಗೆ ಪರಿಹಾರ ಸಿಗುವಂತೆ ಕಾಯ್ದೆಗೆ ತಿದ್ದುಪಡಿ ತರುವುದು ಸಂಸತ್ತಿನ ಕೆಲಸ.

ಅಲ್ಲಿಯವರೆಗೆ ಜನಸಾಮಾನ್ಯರ ಕೈಯಲ್ಲಿರುವುದು ಇಷ್ಟು: ಯಂತ್ರ ಕೊಡುವ ಮುನ್ನ ಬೇಕಾದದ್ದನ್ನು ಬೇರೆಡೆ ನಕಲು ಮಾಡಿಕೊಳ್ಳುವುದು, ಒಂದು ಪಾರ್ಟಿಶನ್ ಅಲ್ಲ, ಇಡೀ ಡಿಸ್ಕನ್ನು ಅಳಿಸುವುದು, ವಿಂಡೋಸ್‌ನ ‘ರೀಸೆಟ್’ ಬಳಸುವವರು ಎಲ್ಲವನ್ನೂ ತೆಗೆಯುವ ಆಯ್ಕೆಯ ಜತೆಗೆ ಡ್ರೈವ್ ಶುದ್ಧಗೊಳಿಸುವ ಆಯ್ಕೆಯನ್ನೂ ಒತ್ತುವುದು, ಅನುಮಾನವಿದ್ದರೆ ಡಿಸ್ಕ್ ಕಳಚಿಟ್ಟುಕೊಂಡು ಉಳಿದ ಯಂತ್ರವನ್ನಷ್ಟೇ ಮಾರುವುದು. ಡಿಸ್ಕ್ ಇಲ್ಲದ ಹಳೆಯ ಕಂಪ್ಯೂಟರ್‌ಗೆ ಗುಜರಿಯಲ್ಲಿ ಕೆಲವು ನೂರು ರೂಪಾಯಿ ಕಡಿಮೆ ಸಿಗಬಹುದು.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯಿದೆ. 2027ರ ಮೇ ಬರುವವರೆಗೆ ಬಾಗಿಲು ಹಾಕಲು ಇನ್ನೂ ಸಮಯವಿದೆಯೆಂದು ಸಂಸ್ಥೆಗಳು ಭಾವಿಸಿದರೆ, ಅಷ್ಟರಲ್ಲಿ ಹೊಸೂರು ರಸ್ತೆಯುದ್ದಕ್ಕೂ ಎಷ್ಟು ಡಿಸ್ಕ್‌ಗಳು ಕೈಬದಲಾಯಿಸಿರುತ್ತವೆ ಎಂಬ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.